ಹ್ಯಾರಿಯೆಟ್‌ಗೆ ಇಟ್ಟ ಎಡೆ

ದೆವ್ವ ಅಂತ ನಾನು ಹೇಳುವುದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ. ಬಿಟಿಎಂ ಲೇಔಟ್‌ನ ಬಾಡಿಗೆ ಮನೆಯಲ್ಲಿ ಕೂತು ಅಮೆರಿಕದವರ ವಂಶವೃಕ್ಷ ಹುಡುಕಿಕೊಡುವುದು ನನ್ನ ಕೆಲಸ. ಹೋದ ವರ್ಷ ಒಬ್ಬರು ತಮ್ಮ ಮುತ್ತಜ್ಜಿಯ ತಾಯಿ ಹ್ಯಾರಿಯೆಟ್ ಬಗ್ಗೆ ಕೇಳಿದ್ದರು. ನೂರೈವತ್ತು ವರ್ಷಗಳ ಹಿಂದೆ, ಹಿಮ ಬೀಳುವಾಗ, ಗಂಡನ ಮನೆಯವರು ಅವಳನ್ನು ಹೊರಗೆ ಹಾಕಿದ್ದರಂತೆ. ಆಮೇಲೆ ಅವಳು ಎಲ್ಲಿ ಸತ್ತಳೆಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ತಿಂಗಳುಗಟ್ಟಲೆ ಅವಳ ಹೆಸರೇ ನನ್ನ ಬಾಯಲ್ಲಿತ್ತು.

ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ ಹಿರಿಯರಿಗೆ ಎಡೆ ಇಟ್ಟು, ಒಬ್ಬೊಬ್ಬರ ಹೆಸರು ಹೇಳಿ ಊಟಕ್ಕೆ ಕರೆಯುತ್ತಿದ್ದೆ. ಕೊನೆಯಲ್ಲಿ ಬಾಯಿತಪ್ಪಿ ಅವಳ ಹೆಸರೂ ಬಂದುಬಿಟ್ಟಿತು.

ಅತ್ತೆ ಶರಣಮ್ಮನ ಮುಖ ಕಪ್ಪಿಟ್ಟಿತು. “ಯಾರನ್ನ ಕರದಿ ಮಧುಮತಿ? ಒಮ್ಮೆ ಕರದ ಮ್ಯಾಲ ವರ್ಷಾ ವರ್ಷಾ ಉಣಿಸಬೇಕಾಗ್ತದ.”

ಹಿರಿಯರು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ಹೊರಗೆ ನಿಂತೆವು. ಸ್ವಲ್ಪ ಹೊತ್ತು ಬಿಟ್ಟು, ಪದ್ಧತಿಯಂತೆ ಬಾಗಿಲು ತಟ್ಟಿ ಒಳಗೆ ಹೋದರೆ ಕಾಲಡಿಯ ನೆಲ ತಣ್ಣಗೆ ಕೊರೆಯುತ್ತಿತ್ತು. ಆಗಷ್ಟೇ ಬೇಯಿಸಿದ ಹೋಳಿಗೆ ಕಲ್ಲಾಗಿತ್ತು. ಲೋಟದ ನೀರಿನ ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು.

ಹ್ಯಾರಿಯೆಟ್‌ಳನ್ನು ಹುಡುಕುವುದನ್ನು ಅಂದೇ ಬಿಟ್ಟೆ.

ಈ ವರ್ಷ ಎಡೆ ಇಡುವಾಗ ಅತ್ತೆ ಮೆಲ್ಲಗೆ ಕೇಳಿದರು, “ಆಕೀನೂ ಕರೀಲೇನ?”

“ಬ್ಯಾಡ್ರಿ ಅತ್ತಿ, ಆಕಿ ನಮ್ಮಾಕಿ ಅಲ್ಲ,” ಅಂದೆ.

ಬಾಗಿಲು ಮುಚ್ಚಿ ಹೊರಗೆ ಕಾದೆವು. ಹೊತ್ತಾದ ಮೇಲೆ ಅತ್ತೆ ಬಾಗಿಲು ತಟ್ಟಿದರು. ಒಳಗಿನಿಂದ ಯಾರೋ ತಿರುಗಿ ತಟ್ಟಿದರು, ಚಳಿಯಲ್ಲಿ ಹೊರಗೆ ನಿಂತವರು ತಟ್ಟುವ ಹಾಗೆ.