ಗೋಡೆಗೆ ತಿರುಗಿಸಿಟ್ಟ ಟಿಪ್ಪರ್

ಅವನು ಡಬ್ಬಿಯ ಮುಚ್ಚಳ ತೆಗೆದ ರೀತಿಯಲ್ಲೇ ಗೊತ್ತಾಗುತ್ತಿತ್ತು, ಒಳಗಿರುವುದನ್ನು ತೋರಿಸುವುದಕ್ಕಿಂತ ಅವಳ ಮುಖ ನೋಡುವ ಆತುರವೇ ಹೆಚ್ಚು ಎಂದು.

ಡ್ರೈಕ್ಲೀನಿಂಗ್ ಅಂಗಡಿಯ ಕೌಂಟರಿನ ಮೇಲಿದ್ದ ಇಸ್ತ್ರಿಯಾದ ಶರ್ಟುಗಳನ್ನು ಸರಿಸಿ ಅವಳು ಜಾಗ ಮಾಡಿಕೊಟ್ಟಳು. ಹತ್ತಿಯ ನಡುವೆ ಅವಳ ಟಿಪ್ಪರ್ ಮಲಗಿತ್ತು. ಅಂಗೈಗಿಂತ ಚಿಕ್ಕ ಪ್ಲಾಸ್ಟಿಕ್ ಆಟಿಕೆ. ಮುಂಭಾಗ ಹಳದಿ, ಮಣ್ಣು ತುಂಬುವ ತೊಟ್ಟಿ ಬೂದು. ಹೊಸದರಂತೆ ಹೊಳೆಯುತ್ತಿತ್ತು.

"ಹೇಗಿದೆ?" ಎಂದ ಅವನು. ಕಣ್ಣು ಅವಳ ತುಟಿಯ ಮೇಲೇ ಇತ್ತು, ನಗು ಎಲ್ಲಿಂದ ಶುರುವಾಗುತ್ತದೆ ಎಂದು ಕಾಯುವವನ ಹಾಗೆ.

ಅವಳು ಟಿಪ್ಪರನ್ನು ಎತ್ತಿಕೊಂಡಳು. ಹೆಬ್ಬೆರಳು ಅಭ್ಯಾಸಬಲದಿಂದ ತೊಟ್ಟಿಯ ಎಡ ಅಂಚಿಗೆ ಹೋಯಿತು. ಅಲ್ಲಿ ನುಣುಪು. ಬೆರಳು ಹಿಂದಕ್ಕೆ ಬಂತು, ಮುಂದಕ್ಕೆ ಹೋಯಿತು. ಎಲ್ಲೆಲ್ಲೂ ನುಣುಪು.

"ಎಲ್ಲಿ?"

"ಏನು ಎಲ್ಲಿ?"

"ಇಲ್ಲಿ ಇದ್ದದ್ದು."

"ಹಲ್ಲಿನ ಗುರುತಾ? ಹೋಯ್ತಲ್ಲ!" ಅವನ ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. "ನಾವು ಹಲ್ಲಿಗೆ ತುಂಬೋ ರೆಸಿನ್ನೇ ಹಾಕಿದೀನಿ. ಬಣ್ಣ ಹೊಂದಿಸೋ ಅಷ್ಟರಲ್ಲಿ ಸಾಕುಸಾಕಾಯ್ತು. ಈಗ ನೋಡಿ, ಎಲ್ಲಿತ್ತು ಅಂತ ನನಗೇ ಗೊತ್ತಾಗಲ್ಲ."

"ಅದು ನನ್ನ ತಮ್ಮನ ಹಲ್ಲು," ಎಂದಳು ಅವಳು. ದನಿ ಏರಲಿಲ್ಲ. "ಐದು ವರ್ಷಕ್ಕೇ ಹೋಗಿಬಿಟ್ಟ. ಅವನದು ಅಂತ ನನ್ನ ಹತ್ರ ಉಳಿದಿದ್ದು ಅದೊಂದೇ."

ಅವನ ಮುಖದ ಬಣ್ಣ ಇಳಿಯಿತು. "ನಾನು… ನಿಮ್ಮದೇ ಅನ್ಕೊಂಡೆ. ನೀವು ಯಾವಾಗಲೂ ಆ ಬದಿ ಗೋಡೆಗೆ ತಿರುಗಿಸಿ ಇಡ್ತಿದ್ರಿ. ನಾಚಿಕೆ ಇರಬೇಕು ಅಂತ…"

"ಹೋಗಿ."

"ಒಂದು ಮಾತು ಕೇಳಿ…"

"ದಯವಿಟ್ಟು ಹೋಗಿ."

ಅವನು ಹೋದ. ಒಗೆಯಲು ಕೊಟ್ಟಿದ್ದ ಕೋಟು ಇಲ್ಲೇ ಇದೆ ಎನ್ನುವುದೂ ಅವನಿಗೆ ನೆನಪಾಗಲಿಲ್ಲ.

ಆ ಆಟಿಕೆ ಸೆಟ್ಟನ್ನು ಕಾಣದವರಿಗೆ ಇಷ್ಟು ರಾದ್ಧಾಂತ ಯಾಕೆ ಎನಿಸೀತು. ಸೆಟ್ಟಿನಲ್ಲಿ ಐದೇ ಗಾಡಿಗಳು: ಟಿಪ್ಪರ್, ಕ್ರೇನ್, ಬುಲ್ಡೋಜರ್, ರೋಡ್ ರೋಲರ್, ಕಾಂಕ್ರೀಟ್ ಮಿಕ್ಸರ್. ತೀರಾ ಚಿಕ್ಕ ಮಕ್ಕಳಿಗೆಂದು ಮಾಡಿದ್ದು. ಬಾಗಿಲಿಲ್ಲ, ಡ್ರೈವರಿಲ್ಲ, ಕಿಟಕಿಯ ಬದಲು ಒಂದು ಕಪ್ಪು ಚೌಕ. ಮಾಡಿದವನು ಊಟದ ಹೊತ್ತಾಯಿತೆಂದು ಅರ್ಧದಲ್ಲೇ ಎದ್ದುಹೋದಂತಿತ್ತು. ಲೋಹದ ಕಾರುಗಳನ್ನು ಕೂಡಿಡುವ ದೊಡ್ಡ ಕಲೆಕ್ಟರುಗಳು ಇದನ್ನು ಮೂಸಿಯೂ ನೋಡುವುದಿಲ್ಲ. ಆದರೆ ಇದರೊಡನೆ ಬೆಳೆದ ಕೆಲವರಿಗೆ ಇದರ ಹುಚ್ಚು ಬಿಟ್ಟಿರಲಿಲ್ಲ. ತಿಂಗಳಿಗೊಂದು ಭಾನುವಾರ ಅವರು ಲೈಬ್ರರಿಯ ಮಹಡಿಯಲ್ಲಿ ಸೇರುತ್ತಿದ್ದರು.

ಅಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ, ಗಾಡಿಯ ಹೆಸರೇ ಗತಿ. ರೇಖಾಗಣಿತ ಕಲಿಸಿ ನಿವೃತ್ತರಾದವರು ರೋಲರ್ ಮೇಷ್ಟ್ರು. ಬಾಯಿಗೆ ಬಿಡುವೇ ಕೊಡದ ಬೇಕರಿಯಾಕೆ ಮಿಕ್ಸರ್ ಅಕ್ಕ. ಅವನು ಉದ್ದಕ್ಕೆ ಬೆಳೆದು, ಎದುರಿನವರ ಮಾತು ಕೇಳಲು ಕತ್ತು ಬಗ್ಗಿಸುತ್ತಿದ್ದುದರಿಂದ ಕ್ರೇನ್. ಅವಳ ಬಳಿ ಇದ್ದದ್ದು ಒಂದೇ ಗಾಡಿ. ಹಾಗಾಗಿ ಟಿಪ್ಪರ್.

ಕ್ರೇನಿನ ಬಳಿ ಉಳಿದ ನಾಲ್ಕೂ ಇದ್ದವು. ಟಿಪ್ಪರೊಂದೇ ಇಲ್ಲ. ಮೊದಲ ದಿನ ಅವನು ಅವಳ ಗಾಡಿಯನ್ನು ನೋಡಿದ ನೋಟಕ್ಕೆ ಹೆದರಿ ಅವಳು ಅದರ ಮೇಲೆ ಅಂಗೈ ಮುಚ್ಚಿದ್ದಳು.

"ಮಾರ್ತೀರಾ?"

"ಇಲ್ಲ."

"ನಾನಿನ್ನೂ ಬೆಲೆ ಹೇಳಿಲ್ಲ."

"ಹೇಳಿದ್ರೂ ಇಲ್ಲ."

"ಹೋಗ್ಲಿ, ಪಕ್ಕದಲ್ಲಿ ಕೂತ್ಕೊಳ್ಬಹುದಾ?" ಎಂದವನು ಕಿವಿ ಕೆಂಪಾಗಿ, "ಟಿಪ್ಪರ್ ಪಕ್ಕದಲ್ಲಿ ಅಂದೆ," ಎಂದು ಸೇರಿಸಿದ. ಅವಳಿಗೆ ನಗು ತಡೆಯಲಾಗಲಿಲ್ಲ.

ಆಮೇಲಿನ ಭಾನುವಾರಗಳಲ್ಲೆಲ್ಲ ಅವನ ಜಾಗ ಅದೇ ಆಯಿತು. ಎಲ್ಲರೂ ತಮ್ಮ ತಮ್ಮ ಬಾಲ್ಯವನ್ನು ಮೇಜಿನ ಮೇಲೆ ಹರವುತ್ತಿದ್ದರು. ಹಾಸಿಗೆಯ ಮಡಿಕೆಗಳಲ್ಲಿ ಘಾಟಿ ರಸ್ತೆ ಮಾಡಿದ್ದು, ಸಕ್ಕರೆಯನ್ನು ಜಲ್ಲಿಯೆಂದು ಸುರಿದು ಅಮ್ಮನ ಕೈಲಿ ಪೆಟ್ಟು ತಿಂದದ್ದು. ಕ್ರೇನ್ ಹೇಳಿದ್ದಂತೂ ಎಲ್ಲರ ಹೊಟ್ಟೆ ಹುಣ್ಣಾಗಿಸಿತ್ತು. ಅಜ್ಜಿಯ ಹಲ್ಲುಸೆಟ್ಟನ್ನು ನೀರಿನ ಲೋಟದಿಂದ ಕ್ರೇನಿನ ಕೊಕ್ಕೆಯಲ್ಲಿ ಎತ್ತಿ, ಮಿಕ್ಸರಿನ ಮೇಲೆ ಹೇರಿಕೊಂಡು ಅಡುಗೆಮನೆಯವರೆಗೆ ಸಾಗಿಸಿದ್ದನಂತೆ. "ಅಜ್ಜಿ ಬೊಚ್ಚುಬಾಯಲ್ಲಿ ಬೈದ ಒಂದು ಪದವೂ ಅರ್ಥ ಆಗಲಿಲ್ಲ. ಆದ್ರೆ ಆ ಹಲ್ಲು ಮಾತ್ರ ತಲೇಲಿ ಕೂತುಬಿಡ್ತು." ಈಗ ಅವನು ಡೆಂಟಲ್ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುತ್ತಾನೆ.

ಅವಳ ಸರದಿ ಬಂದಾಗ, "ನಾವು ಇದನ್ನ ತಾರಸಿಗೆ ತಗೊಂಡು ಹೋಗಿ ಆಡ್ತಿದ್ವಿ," ಎಂದಷ್ಟೇ ಹೇಳಿದ್ದಳು. ನಾವು ಅಂದರೆ ಯಾರು ಎಂದು ಯಾರೂ ಕೇಳಲಿಲ್ಲ. ಅವನು ಮಾತ್ರ ಕತ್ತು ಬಗ್ಗಿಸಿ ಒಂದು ಗಳಿಗೆ ಕಾದಿದ್ದ.

ವಾರವಾರವೂ ಅವನ ಬಟ್ಟೆಗಳು ಅಂಗಡಿಗೆ ಬರತೊಡಗಿದವು. ಒಳಗೆ ಕೂತು ಗುಂಡಿ ಹೊಲಿಯುವ ಚಿಕ್ಕಮ್ಮ ಒಂದು ಶರ್ಟನ್ನು ಬೆಳಕಿಗೆ ಹಿಡಿದು ನೋಡಿದ್ದಳು. "ಈ ಹುಡುಗ ಬಟ್ಟೆ ಕೊಳೆಯಾಗೋಕೂ ಪುರಸೊತ್ತು ಕೊಡಲ್ಲ ಕಣೇ."

ಹೀಗಿರುವಾಗ ರೋಲರ್ ಮೇಷ್ಟ್ರು ಲೈಬ್ರರಿಯಲ್ಲೊಂದು ಪ್ರದರ್ಶನ ಗೊತ್ತುಮಾಡಿದರು. ಐದೂ ಗಾಡಿ ಒಟ್ಟಿಗೆ ಇಡಬೇಕು. ಅವನ ನಾಲ್ಕು, ಅವಳದೊಂದು. ಅದನ್ನು ಅವನ ಕೈಗೆ ಕೊಡುವಾಗ ಅವಳು ಹೇಳಿದ್ದು ಇಷ್ಟೇ: "ಈ ಬದಿ ಗೋಡೆ ಕಡೆಗಿರಲಿ." ಅವನು ಅದನ್ನೇ ಅಪಾರ್ಥ ಮಾಡಿಕೊಂಡ. ಅವಳಿಗೊಂದು ಉಡುಗೊರೆ ಕೊಡೋಣ ಎಂದು ಹೊರಟು ಕೊನೆಗೆ ಹೀಗೆ ಮಾಡಿಟ್ಟಿದ್ದ.

ತಮ್ಮನನ್ನು ಮನೆಯಲ್ಲಿ ಎಲ್ಲರೂ ಗುಂಡ ಎನ್ನುತ್ತಿದ್ದರು. ತಾರಸಿಗೆ ಹೋಗುವ ಮೆಟ್ಟಿಲು ಕಡಿದಾಗಿತ್ತು, ಹತ್ತಲು ಅವನಿಗೆ ಎರಡೂ ಕೈ ಬೇಕು. ಟಿಪ್ಪರನ್ನು ಅಕ್ಕನ ಕೈಗೆ ಕೊಡಲು ನಂಬಿಕೆ ಸಾಲದು. ಹಾಗಾಗಿ ತೊಟ್ಟಿಯ ಅಂಚನ್ನು ಬಾಯಲ್ಲಿ ಕಚ್ಚಿಕೊಂಡು, ಅಂಬೆಗಾಲಿಕ್ಕುತ್ತ ಹತ್ತುತ್ತಿದ್ದ. ದಿನಾ ಅದೇ ಜಾಗದಲ್ಲಿ ಕಚ್ಚಿ ಕಚ್ಚಿ ಅಲ್ಲಿ ನಾಲ್ಕು ಕುಳಿ ಬಿದ್ದಿದ್ದವು. ಒಮ್ಮೆ ಜಾರಿ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡ, ಆದರೂ ಕಚ್ಚಿಕೊಂಡು ಹತ್ತುವುದು ಬಿಡಲಿಲ್ಲ. ಅಂದಿನಿಂದ ಫೋಟೋ ತೆಗೆಯುವಾಗೆಲ್ಲ ಬಾಯಿ ಬಿಗಿದುಕೊಂಡು ನಿಲ್ಲುವನು. ಆಮೇಲೊಂದು ಜ್ವರ ಬಂತು. ಜ್ವರ ಇಳಿಯಲಿಲ್ಲ. ಹಲ್ಲು ಮುರಿದ ಮೇಲಿನ ಒಂದೊಂದು ಫೋಟೋದಲ್ಲೂ ಗುಂಡನ ಬಾಯಿ ಮುಚ್ಚಿಯೇ ಇದೆ.

ಮುರಿದದ್ದು ಎಡಗಡೆಯ ಹಲ್ಲೋ ಬಲಗಡೆಯದೋ ಎನ್ನುವುದೂ ಇತ್ತೀಚೆಗೆ ಅವಳಿಗೆ ಮರೆತುಹೋಗುತ್ತಿತ್ತು. ಯಾರಿಗೂ ಹೇಳದ ಸಂಕಟ ಅದು. ಹೆಬ್ಬೆರಳನ್ನು ಆ ಕುಳಿಗಳಲ್ಲಿಟ್ಟಾಗ ಮಾತ್ರ ತಮ್ಮ ಇನ್ನೂ ಪೂರ್ತಿ ಹೋಗಿಲ್ಲ ಎನಿಸುತ್ತಿತ್ತು.

"ಅವನಿಗೆ ಮೊದಲೇ ಹೇಳಿದ್ಯಾ, ಅದು ಗುಂಡನ ಹಲ್ಲು ಅಂತ?" ಚಿಕ್ಕಮ್ಮ ದಾರ ಕಡಿಯುತ್ತ ಕೇಳಿದಳು.

"ಇಲ್ಲ."

"ಮತ್ತೆ? ಅವನಿಗೇನು ಕನಸು ಬೀಳ್ಬೇಕಿತ್ತಾ?"

"ಕೇಳ್ಬಹುದಿತ್ತಲ್ಲ ಚಿಕ್ಕಮ್ಮ. ನಾವು ಒಂದು ಕಾಫಿ ಕಲೆ ತೆಗೆಯೋಕೂ ಕೇಳ್ತೀವಿ."

ಅದು ಆ ಅಂಗಡಿಯ ಕಟ್ಟುನಿಟ್ಟು. ಒಮ್ಮೆ ಒಬ್ಬರು ತೀರಿಹೋದ ಹೆಂಡತಿಯ ಶಾಲು ತಂದು, ಅಂಚಿನ ಶಾಯಿ ಕಲೆಯನ್ನು ಹಾಗೇ ಬಿಡಿ ಎಂದು ಕೈಮುಗಿದಿದ್ದರು. ಅಂದಿನಿಂದ ಕೇಳದೆ ಯಾವ ಕಲೆಯನ್ನೂ ಮುಟ್ಟುವುದಿಲ್ಲ.

"ಹೌದಪ್ಪ, ತಪ್ಪು ಮಾಡ್ದ," ಎಂದಳು ಚಿಕ್ಕಮ್ಮ. "ಆದ್ರೆ ನಿನಗೆ ನೋವು ಮಾಡೋಕೆ ಮಾಡ್ಲಿಲ್ಲ. ಅದು ನಿನಗೂ ಗೊತ್ತು."

ಗೊತ್ತಿತ್ತು. ಅದೇ ಕಷ್ಟವಾಗಿತ್ತು. ಸಿಟ್ಟು ಮಾಡಿಕೊಂಡಿರೋಣ ಎಂದರೆ ಅವನ ಕೋಟು ಕಣ್ಣೆದುರೇ ತೂಗುತ್ತಿತ್ತು. ಅದರ ತೋಳಿನ ತುದಿಯಲ್ಲಿ ಲ್ಯಾಬಿನ ಪ್ಲಾಸ್ಟರಿನ ಬಿಳಿ ಕಲೆ. ಬ್ರಷ್ಷಿನಲ್ಲಿ ಎರಡು ಬಾರಿ ಉಜ್ಜಿದರೆ ಹೋಗುವಂಥದ್ದು. ಅವಳು ಬ್ರಷ್ಷು ತಂದಳು, ತೋಳನ್ನು ಬೆಳಕಿಗೆ ಹಿಡಿದಳು, ಮತ್ತೆ ಹಾಗೇ ತೂಗುಹಾಕಿದಳು. ಬಾಗಿಲ ಗಂಟೆ ಸದ್ದಾದಾಗೆಲ್ಲ ಅವಳ ಕಣ್ಣು ಎದುರಿನವರ ತಲೆಗಿಂತ ಒಂದು ಗೇಣು ಮೇಲೆ ಹುಡುಕುತ್ತಿತ್ತು. ಅಷ್ಟು ಎತ್ತರದಲ್ಲಿ ಯಾರ ಮುಖವೂ ಇರುತ್ತಿರಲಿಲ್ಲ.

ಪ್ರದರ್ಶನದ ಹಿಂದಿನ ಸಂಜೆ ಗಂಟೆ ಸದ್ದಾಗಲಿಲ್ಲ. ಅವನು ಬಾಗಿಲನ್ನು ತಳ್ಳದೆ ಹೊರಗೇ ನಿಂತಿದ್ದ. ಅವಳೇ ಹೋಗಿ ತೆರೆದಳು.

"ಒಳಗೆ ಬರ್ಬಹುದಾ?"

"ಕೇಳೋದು ಈಗ ಕಲಿತ್ರಾ?"

"ತಡವಾಗಿ," ಎಂದ ಅವನು. ಕಣ್ಣಿನ ಸುತ್ತ ನಿದ್ದೆಗೆಟ್ಟ ಕಪ್ಪು. ಅದನ್ನು ಕಂಡು ಅವಳ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧವನ್ನು ಅವಳು ಕಷ್ಟಪಟ್ಟು ಹಿಡಿದುಕೊಂಡಳು.

ಅವನು ಕೌಂಟರಿನ ಮೇಲೆ ಎರಡು ಪುಟ್ಟ ಡಬ್ಬಿಗಳನ್ನಿಟ್ಟ.

"ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಏನನ್ನೇ ಸರಿಮಾಡೋ ಮುಂಚೆ ಇದ್ದ ಹಾಗೇ ಅದರ ಅಚ್ಚು ತೆಗೆದಿಟ್ಕೋಬೇಕು. ಕೈ ತಪ್ಪಿದ್ರೆ ವಾಪಸ್ ಬರೋಕೆ ದಾರಿ ಇರಲಿ ಅಂತ. ನಿಮ್ಮ ಟಿಪ್ಪರಿಂದೂ ತೆಗೆದಿದ್ದೆ."

"ಆವತ್ತೇ ಯಾಕೆ ಹೇಳ್ಲಿಲ್ಲ?"

"ಹೋಗಿ ಅಂದ್ರಲ್ಲ."

ಮೊದಲ ಡಬ್ಬಿಯಲ್ಲಿ ತೊಟ್ಟಿಯ ಅಂಚಿನ ಅಚ್ಚಿತ್ತು. ಎರಡನೆಯದನ್ನು ತೆರೆಯುವ ಮುಂಚೆ ಅವನು ತಡೆದ. "ಇದನ್ನ ಮಾಡಿದ್ದು ಸರಿಯೋ ತಪ್ಪೋ ಗೊತ್ತಿಲ್ಲ. ಕುಳಿಯ ಅಚ್ಚು ಇದ್ರೆ ಅದನ್ನ ಮಾಡಿದ ಹಲ್ಲಿನ ಆಕಾರಾನೂ ತೆಗೀಬಹುದು. ತುದಿ ಮಾತ್ರ ಅವನದು, ಮೇಲಿಂದೆಲ್ಲ ನನ್ನ ಊಹೆ. ಬೇಡ ಅಂದ್ರೆ ಮುಚ್ಚಿಡ್ತೀನಿ. ನೋಡ್ತೀರಾ?"

ಅವಳು ತಲೆಯಾಡಿಸಿದಳು.

ಗುಲಾಬಿ ಮೇಣದ ಮೇಲೆ ನಾಲ್ಕು ಪುಟಾಣಿ ಹಾಲುಹಲ್ಲುಗಳು. ಅಕ್ಕಿಕಾಳಿಗಿಂತ ತುಸು ದೊಡ್ಡವು. ನಡುವಿನ ಎರಡರಲ್ಲಿ ಒಂದರ ಮೂಲೆ ಓರೆಯಾಗಿ ಮುರಿದಿತ್ತು.

"ಎಡಗಡೆ," ಎಂದಳು ಅವಳು. "ಅವನ ಎಡಗಡೆ."

ಗುಂಡ ಮೆಟ್ಟಿಲ ಮೇಲಿನಿಂದ ತಿರುಗಿ, ಟಿಪ್ಪರನ್ನು ಬಾಯಿಂದ ತೆಗೆದು, ಗೆದ್ದೆ ಎಂದು ಹಲ್ಲು ಬಿಡುತ್ತಿದ್ದ ಆ ನಗು ಇಡಿಯಾಗಿ ಕಣ್ಣ ಮುಂದೆ ಬಂತು. ಎಷ್ಟೋ ವರ್ಷಗಳಿಂದ ಅವಳು ಹುಡುಕುತ್ತಿದ್ದ ನಗು. ಅವಳು ಅಳುತ್ತ ನಕ್ಕಳು, ನಗುತ್ತ ಮತ್ತೆ ಅತ್ತಳು. ಚಿಕ್ಕಮ್ಮ ಎದ್ದು ಬಂದು ಡಬ್ಬಿಯೊಳಗೆ ಇಣುಕಿ, "ಅಯ್ಯೋ ನನ್ನ ಗುಂಡಾ," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಅವನು ಕಂಗಾಲಾಗಿದ್ದ. "ತಪ್ಪು ಮಾಡಿದ್ನಾ?"

"ಇಲ್ಲ. ಇದು ಅವನೇ."

ಅವನು ಸಣ್ಣ ಉಪಕರಣ ತೆಗೆದು, ಅವಳು ಹೂಂ ಎಂದ ಮೇಲೆಯೇ, ಟಿಪ್ಪರಿನ ಅಂಚಿನಿಂದ ರೆಸಿನ್ನನ್ನು ಚೂರುಚೂರಾಗಿ ಬಿಡಿಸಿದ. ಇಬ್ಬರ ತಲೆಯೂ ಒಂದೇ ದೀಪದ ಕೆಳಗೆ ಬಾಗಿತ್ತು. ಅವನ ಉಸಿರು ಅವಳ ಮುಂಗುರುಳಿಗೆ ತಾಗುತ್ತಿತ್ತು, ಅವಳು ಸರಿಯಲಿಲ್ಲ. ನಾಲ್ಕನೆಯ ಕುಳಿಯೂ ತೆರೆದಾಗ ಅವಳ ಹೆಬ್ಬೆರಳು ತನ್ನ ಜಾಗಕ್ಕೆ ಹೋಗಿ ಕೂತಿತು.

"ಇನ್ನೊಂದು ಮಾತಿದೆ," ಎಂದ ಅವನು, ಉಪಕರಣವನ್ನು ಒರೆಸಿದ್ದನ್ನೇ ಒರೆಸುತ್ತ. "ಈ ಮಾತಿಗೆ ಮೊದಲೇ ಅಚ್ಚು ತೆಗೆದಿಡೋಕಾಗಲ್ಲ. ಹೇಳಿದ ಮೇಲೆ ವಾಪಸ್ ಬರೋಕೆ ದಾರಿ ಇಲ್ಲ."

"ಹೇಳಿ."

"ಟಿಪ್ಪರಿಗೋಸ್ಕರ ಇಲ್ಲಿಗೆ ಬರೋದು ಬಿಟ್ಟು ತುಂಬಾ ದಿನ ಆಯ್ತು. ನಾನು ಬರ್ತಿದ್ದದ್ದು ನಿಮಗೋಸ್ಕರ."

ಅವಳು ಎದ್ದು ಅವನ ಕೋಟು ತಂದಳು. ತೋಳಿನ ಬಿಳಿ ಕಲೆಯನ್ನು ತೋರಿಸಿದಳು. "ತೆಗೀಬೇಕಾ ಬೇಡ್ವಾ ಅಂತ ಕೇಳೋಕೆ ಕಾಯ್ತಿದ್ದೆ."

"ಇಷ್ಟು ಸಣ್ಣ ಕಲೆಗೆ ಕಾಯ್ತಿದ್ರಾ?"

"ಕಲೆಗಲ್ಲ," ಎಂದಳು ಅವಳು. ಈ ಸಲ ಕೆಂಪಾದದ್ದು ಅವಳ ಕಿವಿ.

ಒಳಗಿನಿಂದ ಚಿಕ್ಕಮ್ಮನ ದನಿ ಬಂತು. "ಅಂಗಡಿ ಮುಚ್ಚೋ ಹೊತ್ತಾಯ್ತು. ಮುಚ್ಚೋದಾ, ಇಲ್ಲ ಇನ್ನೂ ಇದೆಯಾ?"

ಮರುದಿನ ಲೈಬ್ರರಿಯಲ್ಲಿ ಐದೂ ಗಾಡಿಗಳು ಸಾಲಾಗಿ ನಿಂತಿದ್ದವು. ಟಿಪ್ಪರಿನ ಎಡಬದಿ ಜನರ ಕಡೆಗಿತ್ತು. ಅವಳೇ ಹಾಗೆ ತಿರುಗಿಸಿದ್ದಳು.

"ಪಾಪ, ಇದೊಂದು ಹಾಳಾಗಿದೆ," ಎಂದರು ನೋಡಲು ಬಂದ ಒಬ್ಬ ಹೆಂಗಸು.

"ಹಾಳಾಗಿಲ್ಲಮ್ಮ. ನನ್ನ ತಮ್ಮ ಗುಂಡ ಇದನ್ನ ಬಾಯಲ್ಲಿ ಕಚ್ಕೊಂಡು ಮೆಟ್ಟಿಲು ಹತ್ತುತ್ತಿದ್ದ," ಎಂದು ಶುರುಮಾಡಿದಳು. ಕಥೆಯನ್ನು ಕೊನೆಯವರೆಗೂ ತಡವರಿಸದೆ ಹೇಳಿದಳು. ಆ ಹೆಂಗಸು ನಕ್ಕರು, ರೋಲರ್ ಮೇಷ್ಟ್ರು ಕನ್ನಡಕ ಒರೆಸಿಕೊಂಡರು, ಮಿಕ್ಸರ್ ಅಕ್ಕ ಮೊದಲ ಬಾರಿಗೆ ಬಾಯಿ ಮುಚ್ಚಿ ಕೇಳಿದಳು.

ಸಂಜೆ ಎಲ್ಲ ಕಟ್ಟಿಡುವಾಗ ಅವನು ತನ್ನ ನಾಲ್ಕು ಗಾಡಿಗಳನ್ನು ಸೆಟ್ಟಿನ ಹಳೆಯ ಡಬ್ಬಿಯ ಗೂಡುಗಳಲ್ಲಿ ಇಟ್ಟ. ಐದನೆಯ ಗೂಡು ಎಂದಿನಂತೆ ಖಾಲಿ. ಟಿಪ್ಪರನ್ನು ಎರಡೂ ಕೈಯಲ್ಲಿ ಹಿಡಿದು ಅವಳಿಗೆ ಚಾಚಿದ. ಅವಳು ಅದನ್ನು ಇಸಿದುಕೊಂಡು, ಅಂಚಿನ ಮೇಲೆ ಒಮ್ಮೆ ಹೆಬ್ಬೆರಳಾಡಿಸಿ, ಖಾಲಿ ಗೂಡಿನಲ್ಲಿ ಇಟ್ಟಳು.

"ಸೆಟ್ ಒಡೀಬಾರದು."

ಅವನು ಡಬ್ಬಿಯನ್ನೂ ಅವಳನ್ನೂ ನೋಡಿದ. "ಹಾಗಾದ್ರೆ ಈ ಡಬ್ಬಿ ಈಗ ಯಾರ ಮನೆಗೆ?"

"ಅದನ್ನ ಚಿಕ್ಕಮ್ಮನ್ನ ಕೇಳ್ಬೇಕು," ಎಂದಳು ಅವಳು, ಮುಚ್ಚಳ ಹಾಕುತ್ತ. "ನೀನೇ ಕೇಳು. ಕೇಳೋದು ಕಲಿತಿದೀಯಲ್ಲ."