ಸೀತಾಲಕ್ಷ್ಮಿ ಹೇಳದ ಹೆಸರು

ಕುದಿಯುವ ಕೊಪ್ಪರಿಗೆಯ ಮೇಲೆ ನನ್ನ ಮುಖ. ಕತ್ತಿನ ಮೇಲೆ ಬೈರಣ್ಣನ ಕೈ.

ಇನ್ನೊಂದು ಗೇಣು ಬಗ್ಗಿಸಿದ್ದರೆ, ಸ್ವಾಮಿ, ಇದನ್ನು ಹೇಳಲು ನಾನಿರುತ್ತಿರಲಿಲ್ಲ.

"ಯಾರ್ ಕಳ್ಸಿದ್ದು ನಿನ್ನ?"

"ನನ್ನ ಹೆಂಡ್ತಿ."

ಸುಳ್ಳಲ್ಲ. ಗೌರಮ್ಮ ಬೆಳಗಿನ ಜಾವದಿಂದ ಆಸ್ಪತ್ರೆಯಲ್ಲಿದ್ದಳು. ವಾಂತಿ ನಿಂತಿರಲಿಲ್ಲ... ಕೈಕಾಲು ತಣ್ಣಗಾಗುತ್ತಿತ್ತು. ಡಾಕ್ಟರು ಕಾಂತಿಸುಧಾ ಟಾನಿಕ್ಕಿನ ಬಾಟಲಿ ಮೂಸಿ ನೋಡಿ ಹೇಳಿದ್ದರು. "ಇದಕ್ಕೆ ಏನು ಬೆರೆಸಿದ್ದಾರೆ ಅಂತ ತಿಳ್ಕೊಂಡು ಬನ್ನಿ ಶಾಂತವೀರಪ್ಪ. ಹನ್ನೆರಡು ಗಂಟೆಯೊಳಗೆ. ಗೊತ್ತಿಲ್ದೆ ಮದ್ದು ಕೊಡೋಕಾಗಲ್ಲ."

ಪೊಲೀಸ್ ಕೆಲಸ ಬಿಟ್ಟು ಖಾಸಗಿ ಪತ್ತೇದಾರಿಕೆಗೆ ಇಳಿದವನು ನಾನು. ಖಾಲಿ ಬಾಟಲಿ ಮಾರುವವನ ಬಾಯಿ ಬಿಡಿಸಿ, ಉತ್ತರಹಳ್ಳಿಯ ರಾಗಿ ಹೊಲದ ನಡುವಿನ ಈ ಶೆಡ್ಡಿಗೆ ಬಂದಿದ್ದೆ.

ಹಿಂದಕ್ಕೆ ಒದ್ದೆ. ಟಾನಿಕ್ ಕುದಿಸುವ ಆಳು ಬೈರಣ್ಣ ಮೊಣಕಾಲು ಹಿಡಿದು ಕುಸಿದ.

"ಏನ್ ಹಾಕ್ತೀರೋ ಇದಕ್ಕೆ?"

"ಸೊಪ್ಪು, ಬೆಲ್ಲ... ನಾನು ಹಾಕೋದು ಅಷ್ಟೇ ಅಣ್ಣ. ಕೊನೇ ಪುಡಿ ರಾಮಪ್ರಸಾದ್ ಸಾರೇ ಹಾಕೋದು. ಒಳಗವ್ರೆ..."

ಹಿಂದುಗಡೆ ಸ್ಕೂಟರ್ ಸ್ಟಾರ್ಟ್ ಆಯಿತು.

ಮೋಟಾರ್ ಸೈಕಲ್ ಹತ್ತಿ ಬೆನ್ನು ಬಿದ್ದೆ. ಮಣ್ಣು ರಸ್ತೆ, ಎದುರಿಗೆ ಎತ್ತಿನಗಾಡಿ, ಮುಖದ ತುಂಬ ಧೂಳು. ಬನಶಂಕರಿ ದೇವಸ್ಥಾನದ ಹತ್ತಿರ ಶುಕ್ರವಾರದ ಜನ. ಹಸಿರು ಸ್ಕೂಟರ್ ನುಸುಳಿಕೊಂಡು ಹೋಯಿತು. ನನಗೆ ಒಬ್ಬ ಅಜ್ಜಿ ಅಡ್ಡ ಬಂದಳು. ಬ್ರೇಕ್ ಒತ್ತಿದೆ. ಅಜ್ಜಿ ನನ್ನ ಏಳು ತಲೆಮಾರನ್ನೂ ಬೈದಳು. ಸ್ಕೂಟರ್ ನಾಪತ್ತೆ!

ಗಂಟೆ ಹನ್ನೊಂದೂವರೆ.

ಉಳಿದದ್ದು ಒಂದೇ ದಾರಿ. ಸೀತಾಲಕ್ಷ್ಮಿ.

ಜಯನಗರದಲ್ಲಿ ನಮ್ಮ ಪಕ್ಕದ ಮನೆ. ಗಂಡನಿಗೆ ಬೊಂಬಾಯಿಯಲ್ಲಿ ನೌಕರಿ ಎಂದು ಹೇಳಿ ಮೂರು ವರ್ಷದಿಂದ ಒಬ್ಬಳೇ ಇದ್ದಳು. ಒಡಹುಟ್ಟಿದವರಿಲ್ಲ. ನನ್ನನ್ನು ಅಣ್ಣ ಎನ್ನುತ್ತಿದ್ದಳು, ಗೌರಿ ಹಬ್ಬದ ತವರಿನ ಬಾಗಿನ ನಮ್ಮ ಮನೆಯಿಂದಲೇ ಹೋಗುತ್ತಿತ್ತು. ಕಾಂತಿಸುಧಾ ಮಾರುತ್ತಿದ್ದವಳೂ ಅವಳೇ. ಅಂಗಡಿಯಿಲ್ಲ, ಬೋರ್ಡಿಲ್ಲ. ಶುಕ್ರವಾರ ಅರಿಶಿನ ಕುಂಕುಮಕ್ಕೆ ಕರೆಯುವುದು, ನಾಲ್ಕು ಹಾಡು ಹೇಳಿಸುವುದು, ಆಮೇಲೆ ಎಲ್ಲರಿಗೂ ಒಂದೊಂದು ಚಮಚ ಟಾನಿಕ್. ಬಂದವರಲ್ಲಿ ಒಬ್ಬರು ಮುಂದಿನ ವಾರ ತಮ್ಮ ಮನೆಗೆ ಕರೆಯಬೇಕು. ಕುಂಕುಮಕ್ಕೆ ಕರೆದರೆ ಯಾವ ಮುತ್ತೈದೆ ಒಲ್ಲೆ ಎನ್ನುತ್ತಾಳೆ? ಹೋದ ವಾರ ನನ್ನ ಗೌರಿಯ ಸರದಿಯಾಗಿತ್ತು; ಆಗ ಕೊಂಡ ಹೊಸ ಬಾಟಲಿಯನ್ನು ನಿನ್ನೆ ರಾತ್ರಿ ತೆರೆದಿದ್ದಳು.

"ಬಾಟಲಿ ಪಾರ್ಸಲ್ ಬರುತ್ತೆ ಅಣ್ಣ, ಕಳಿಸೋರ ಮುಖ ನೋಡಿದೋಳಲ್ಲ ನಾನು" ಎಂದು ಬೆಳಿಗ್ಗೆ ಅತ್ತಿದ್ದಳು. ನಂಬಿದ್ದೆ.

ಹೋಗಿ ನೋಡಿದರೆ ಅವಳ ಮನೆಯ ಹಾಲ್ ತುಂಬ ಹೆಂಗಸರು. ಮೇಜಿನ ಮೇಲೆ ಸಾಲಾಗಿ ಬಾಟಲಿಗಳು. ಅಲ್ಲಿ ಗೌರಿ ಸಾಯುತ್ತಿದ್ದಾಳೆ, ಇಲ್ಲಿ ಆರತಿ ಹಾಡು! ಮೈಯೆಲ್ಲ ಉರಿದುಹೋಯಿತು.

"ಮೊದಲೇ ಕರೆದಾಗಿತ್ತು ಅಣ್ಣ," ಎಂದಳು ಸೀತಾ. ಕೈಗೆ ಕೋಸಂಬರಿಯ ದೊನ್ನೆ ಕೊಟ್ಟಳು. "ತಗೊಳ್ಳಿ, ದೇವರ ಮುಂದೆ ಇಟ್ಟಿದ್ದು."

"ರಾಮಪ್ರಸಾದ ಎಲ್ಲಿ?"

"ಯಾರು?"

"ಯಾರ ಹೆಸರು ಹೇಳಿದೆ ನಾನು? ನೀನೇ ಹೇಳು ನೋಡೋಣ."

ಅವಳ ತುಟಿ ಅಲುಗಿತು. ಹೆಸರು ಬರಲಿಲ್ಲ.

ಚಾಪೆಯ ಮೇಲಿದ್ದ ಎದುರು ಮನೆಯ ಕಾತ್ಯಾಯಿನಿಯವರು ನಕ್ಕರು. "ಅವರ ಬಾಯಲ್ಲಿ ಹೇಗೆ ಬರುತ್ತೆ ಸಾರ್? ಗಂಡನ ಹೆಸರು ಹೇಳಬಾರದಲ್ಲ. ಪ್ರಸಾದಕ್ಕೂ ಸೀತಮ್ಮ 'ದೇವರ ಮುಂದೆ ಇಟ್ಟಿದ್ದು' ಅಂತಾನೇ ಅನ್ನೋದು."

ಊರಿನ ಕಳ್ಳರ ಹೆಸರೆಲ್ಲ ನನಗೆ ಬಾಯಿಪಾಠ, ಸ್ವಾಮಿ. ಮೂರು ವರ್ಷ ಬಾಗಿನ ಕೊಟ್ಟ ತಂಗಿಯ ಗಂಡನ ಹೆಸರು ಕೇಳಿರಲಿಲ್ಲ. ಆ ಹೊತ್ತಿನಲ್ಲಿ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಗೌರಿ ಸಾಯ್ತಿದಾಳೆ ಸೀತಾ. ಅದರಲ್ಲಿ ಏನಿದೆ?"

"ಅವರನ್ನ ಜೈಲಿಗೆ ಹಾಕ್ತಾರೆ ಅಣ್ಣ..."

"ನಿನಗೆ ಮೊದಲೇ ಗೊತ್ತಿತ್ತು?"

ತಲೆ ತಗ್ಗಿಸಿದಳು. ಗೌರಿ ತನ್ನ ತಟ್ಟೆಯಿಂದ ಎತ್ತಿಟ್ಟು ಇವಳಿಗೆ ಊಟ ಕೊಟ್ಟ ದಿನಗಳಿದ್ದವು.

ಬಾಟಲಿ ತೆಗೆದು ಲೋಟದ ತುಂಬ ಸುರಿದೆ.

"ಕುಡಿ."

"ಇವತ್ತು ಒಪ್ಪತ್ತು ನಂದು..."

ರಟ್ಟೆ ಹಿಡಿದು ಲೋಟವನ್ನು ತುಟಿಗೆ ತಂದೆ. ಹೆಂಗಸರು ಎದ್ದು ಗೋಡೆಗೆ ಸರಿದರು. ಅಡುಗೆಮನೆಯ ಬಾಗಿಲು ತೆರೆಯಿತು. ತಲೆಯಿಂದ ಕಾಲಿನವರೆಗೆ ಕೆಂಧೂಳು ಮೆತ್ತಿಕೊಂಡ ಗಂಡಸು. ಕೈಯಲ್ಲಿ ಈಳಿಗೆಮಣೆ.

"ಬಿಡೋ ಅವಳನ್ನ. ಕುತ್ತಿಗೆ ಕೊಯ್ತೀನಿ."

"ಕೊಯ್ಯಿ. ಅಷ್ಟರಲ್ಲಿ ಲೋಟ ಖಾಲಿ ಆಗಿರುತ್ತೆ."

ರಾಮಪ್ರಸಾದ ಒಂದು ಹೆಜ್ಜೆ ಹಿಂದೆ ಸರಿದ.

"ಬೇಡ ಸೀತಾ, ನುಂಗಬೇಡ... ಪಾಷಾಣ ಇದೆ. ಮುಖಕ್ಕೆ ಕಾಂತಿ ಬರಲಿ ಅಂತ ಚೂರು ಹಾಕ್ತಿದ್ದೆ. ಈ ಸಲ ಹೆಚ್ಚಾಗಿಹೋಯ್ತು."

ಲೋಟ ಬೀಸಿ ಅವನ ಮುಖಕ್ಕೆ ಎಸೆದೆ. ಈಳಿಗೆಮಣೆ ಬಿತ್ತು. ಅವನೂ ಬಿದ್ದ. ಕಾತ್ಯಾಯಿನಿಯವರ ಮನೆಯ ಫೋನಿನಿಂದ ಡಾಕ್ಟರಿಗೆ ಒಂದೇ ಶಬ್ದ ಹೇಳಿದೆ: ಆರ್ಸೆನಿಕ್. ಹನ್ನೆರಡಕ್ಕೆ ಐದು ನಿಮಿಷವಿತ್ತು.

ಸಂಜೆ ಗೌರಿ ಕಣ್ಣು ಬಿಟ್ಟಳು. ನನ್ನ ಕೈ ಹುಡುಕಿ ಹಿಡಿದುಕೊಂಡಳು.

"ಸೀತಾ ಹೇಗಿದ್ದಾಳೆ? ಪಾಪ, ಒಂಟಿ ಹೆಂಗಸು... ಅವಳೂ ಕುಡಿದಿರ್ತಾಳೆ. ವಿಚಾರಿಸಿದ್ರಾ?"

"ವಿಚಾರಿಸಿದೆ ಕಣೆ," ಎಂದೆ. "ಈಗ ಪೊಲೀಸ್ನೋರು ವಿಚಾರಿಸ್ತಿದಾರೆ."