ಹಗ್ಗದ ಇನ್ನೊಂದು ತುದಿ

ಕ್ಷಮಿಸಿ. ವಿಮಾನದ ವಿಷಯ ಮಾತಾಡುವ ಯೋಗ್ಯತೆ ನನಗಿಲ್ಲ. ನಾನೊಬ್ಬ ಬಂದರಿನ ಕಾನ್‌ಸ್ಟೇಬಲ್. ಆದರೆ ಅದರ ಹೊಟ್ಟೆಯಡಿ, ಕೊರೆಯುವ ನೀರಿನಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದವನು ನಾನೇ...

ನನಗೆ ಈಜು ಬಾರದು.

ನಮ್ಮ ನ್ಯೂಫೌಂಡ್‌ಲ್ಯಾಂಡಿನಲ್ಲಿ ಮೀನುಗಾರರ ಮಕ್ಕಳು ಈಜು ಕಲಿಯುವುದಿಲ್ಲ. ಈ ನೀರಿನಲ್ಲಿ ಈಜು ಬಂದವನು ನಿಧಾನವಾಗಿ ಸಾಯುತ್ತಾನೆ, ಅಷ್ಟೇ.

ಹಗ್ಗದ ಇನ್ನೊಂದು ತುದಿ ಗಾರ್ಲೆಂಡ್ ಬಡ್ಜೆಲ್ ಕೈಯಲ್ಲಿತ್ತು.

ಹಿಂದಿನ ದಿನ ಆ ವಿಮಾನ, ನೀರಿನ ಮೇಲಿಂದಲೇ ಹಾರುವ ಹಾರುದೋಣಿ, ನೀರು ಬಿಟ್ಟು ಮೇಲೇಳುತ್ತಲೇ ಮೂಗು ಮುಂದಾಗಿ ಬಿದ್ದಿತ್ತು. ಸತ್ತವರು ಹನ್ನೊಂದು ಜನ. ಅದು ಏಳುವ ಮುನ್ನ ಬೋಟು ಓಡಿಸಿ, ದಾರಿಯಲ್ಲಿ ತೇಲುವ ದಿಮ್ಮಿಗಳನ್ನು ತೆಗೆಯುವುದು ಗಾರ್ಲೆಂಡ್‌ನ ಕೆಲಸ.

"ದಿಮ್ಮಿ ಬಡಿದಿದೆ. ಅವನು ಕುಡಿದಿದ್ದ. ಒಳಗೆ ಹಾಕಿ," ಎಂದಿದ್ದ ವಿಮಾನ ಕಂಪನಿಯ ವಿಟ್‌ಕಂಬ್.

"ತಳ ನೋಡಿದ್ದೀರಾ?"

"ನೋಡೋದೇನಿದೆ? ಮಧ್ಯಾಹ್ನ ವಿಮಾನ ಎಳೆದೊಯ್ದು ಆಳದಲ್ಲಿ ಮುಳುಗಿಸ್ತೀವಿ. ಯುದ್ಧ ನಡೀತಿದೆ, ಕಾನ್‌ಸ್ಟೇಬಲ್."

ಅದಕ್ಕೂ ಮೊದಲು ನೋಡಬೇಕಿತ್ತು. ಬೇರೆ ಯಾರೂ ಬೋಟು ಕೊಡಲಿಲ್ಲ, ಗಾರ್ಲೆಂಡ್‌ನ ಬೋಟೇ ಗತಿಯಾಯಿತು.

"ದಿಮ್ಮಿ ಇತ್ತಾ, ಗಾರ್ಲೆಂಡ್?"

"ಕಾಣಲಿಲ್ಲ, ಸ್ಕಿಪ್ಪರ್." ನಮ್ಮಲ್ಲಿ ಗೌರವಕ್ಕೆ ಯಾರನ್ನಾದರೂ ಹಾಗೆ ಕರೆಯುತ್ತಾರೆ.

"ಕಾಣಲಿಲ್ವೋ, ಇರಲಿಲ್ವೋ?"

ಅವನು ನನ್ನ ಸೊಂಟದ ಗಂಟು ಬಿಗಿದ. "ಇಳೀರಿ. ನೀರು ಬಿಸಿಯಾಗ್ಲಿ ಅಂತ ಕಾಯ್ತಿದ್ದೀರಾ?"

ತಳದಲ್ಲಿ ತೂತಿದ್ದರೆ ಅವನಿಗೆ ಜೈಲು. ಅದನ್ನು ಮೊದಲು ತಿಳಿಯುವವನು ನಾನು. ನನ್ನ ಉಸಿರು ಅವನ ಮುಷ್ಟಿಯಲ್ಲಿ.

ಇದು ಹೊಳೆದದ್ದು ತಲೆ ಮುಳುಗಿದ ಮೇಲೆ.

ಕತ್ತಲು. ಕೈಗೆ ತಗಡು ಸಿಕ್ಕಿತು. ತಡವಿದೆ... ನುಣುಪು. ಮುಂದಕ್ಕೂ ನುಣುಪು. ತೂತಿಲ್ಲ. ಆಮೇಲೆ ರೆಕ್ಕೆ. ಅದರ ಹಿಂಬದಿಯ ರೆಪ್ಪೆಗಳು, ಅವರು ಫ್ಲ್ಯಾಪ್ ಅನ್ನುವ ತಗಡುಗಳು, ಪೂರ್ತಿ ಕೆಳಗೆ ಬಾಗಿದ್ದವು. ವಿಮಾನ ನೀರಿಗಿಳಿಯುವಾಗ ಮಾತ್ರ ಅವನ್ನು ಹಾಗೆ ಕಂಡಿದ್ದೆ.

ಆಗ ಇಡೀ ವಿಮಾನ ಅಲುಗಿತು.

ವಿಟ್‌ಕಂಬ್ ಮಧ್ಯಾಹ್ನದವರೆಗೆ ಕಾಯಲಿಲ್ಲ. ಎಳೆಯತೊಡಗಿದ್ದ. ರೆಕ್ಕೆ ನನ್ನನ್ನು ಕೆಳಕ್ಕೆ ಒತ್ತಿತು. ಹಗ್ಗ ಜಗ್ಗಿದೆ.

ಸಡಿಲ.

ಮತ್ತೆ ಜಗ್ಗಿದೆ. ಸಡಿಲ... ಅಮ್ಮನ ಮುಖ ಕಂಡಿತು. ಬಾಯಿಗೆ ನೀರು ನುಗ್ಗಿತು.

ಆಮೇಲೆ ಹಗ್ಗ ಬಿಗಿಯಿತು.

"ತೂತಿಲ್ಲ," ಎಂದೆ, ಬೋಟಿನ ತಳದಲ್ಲಿ ಉಪ್ಪುನೀರು ಕಕ್ಕುತ್ತ. "ಹಗ್ಗ ಯಾಕೆ ಬಿಟ್ಟೆ?"

"ಕೈ ಜಾರ್ತು, ಸ್ಕಿಪ್ಪರ್."

ಅವನ ಅಂಗೈ ನೋಡಿದೆ. ಹಗ್ಗ ಉಜ್ಜಿದ ಗುರುತಿರಲಿಲ್ಲ. ಪಕ್ಕದಲ್ಲಿ ಮೀನು ಸೀಳುವ ಚಾಕು, ಒರೆಯಿಂದ ಹೊರಗೆ.

ನನ್ನ ಸಾಕ್ಷಿಯಿಂದ ಗಾರ್ಲೆಂಡ್ ಬಚಾವಾದ. ಏಳುವಾಗಲೇ ರೆಪ್ಪೆಗಳನ್ನು ಇಳಿಸಿ ವಿಮಾನ ಬೀಳುವಂತೆ ಮಾಡಿದವರು ಯಾರು, ಯಾಕೆ, ತಿಳಿಯಲಿಲ್ಲ. ಆ ಚಾಕು ತೆಗೆದದ್ದು ವಿಟ್‌ಕಂಬನ ಎಳೆಹಗ್ಗ ಕೊಯ್ಯಲೋ, ನನ್ನದನ್ನೋ... ಅದೂ ಗೊತ್ತಿಲ್ಲ.

ಈಗಲೂ ಮೀನು ಅವನ ಹತ್ತಿರವೇ ಕೊಳ್ಳುತ್ತೇನೆ. ಸೀಳುವುದು ಮಾತ್ರ ಮನೆಯಲ್ಲಿ.